ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: 13 ಗಂಟೆಯಾ, 15 ಗಂಟೆಯಾ, 25 ಗಂಟೆಯಾ?

ಜಯನಗರದ ರಾಯರು:
ಮೇ ತಿಂಗಳಲ್ಲಿ ಮಗಳ ಮನೆಗೆ ಹೊರಟಿದ್ದೇವೆ. ಗೂಗಲ್‌ನಲ್ಲಿ ನೋಡಿದರೆ ದೂರ ಸುಮಾರು 14,000 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಅಂದುಕೊಂಡರೂ ಹದಿನೈದೂವರೆ ಗಂಟೆ ಸಾಕು. ಟಿಕೆಟ್ ನೋಡಿದರೆ ಬೆಳಗಿನ ಜಾವ 3:15ಕ್ಕೆ ಹೊರಟು, ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಹತ್ತಿ, ಅದೇ ದಿನ ಸಂಜೆ 4ಕ್ಕೆ ತಲುಪುತ್ತದೆ. ಹದಿಮೂರು ಗಂಟೆಯೂ ಇಲ್ಲ! ಏಜೆಂಟ್ ಮಾತ್ರ 25 ಗಂಟೆ ಅಂತಾರೆ. ಯಾವುದನ್ನು ನಂಬಲಿ?

ಬೇ ಏರಿಯಾ ಹೈದ:
ಏಜೆಂಟ್ ಹೇಳಿದ್ದೇ ಸರಿ ಸರ್. ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಟೈಮ್ ಇರುತ್ತೆ. ಮೇನಲ್ಲಿ ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ನಮ್ಮೂರಿಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಾದರೆ ಹದಿಮೂರೂವರೆ. ಟಿಕೆಟ್‌ನಲ್ಲಿ ಕಾಣುವ 12 ಗಂಟೆ 45 ನಿಮಿಷಕ್ಕೆ ಮೇ ತಿಂಗಳ ಆ ಹನ್ನೆರಡೂವರೆ ಕೂಡಿಸಿದರೆ 25 ಗಂಟೆ 15 ನಿಮಿಷ ಆಯ್ತಲ್ವಾ? ಬಿಪಿ, ಶುಗರ್ ಮಾತ್ರೆ ಇದ್ದರೆ ಯಾವಾಗ ತಗೋಬೇಕು ಅಂತ ಡಾಕ್ಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಗ್ಲೋಬ್ ಮೇಷ್ಟ್ರು:
ಗೂಗಲ್ ಕೊಟ್ಟಿದ್ದು ಎಲ್ಲೂ ಇಳಿಯದೆ ಹೋದರೆ ಆಗುವ ದೂರ. ಗ್ಲೋಬ್ ಮೇಲೆ ಈ ಎರಡು ಊರಿಗೆ ದಾರ ಬಿಗಿಯಾಗಿ ಹಿಡಿದು ನೋಡಿ, ಉತ್ತರಕ್ಕೆ ಬಾಗಿ ಆರ್ಕ್ಟಿಕ್ ಪ್ರದೇಶದ ಮೂಲಕ ಹಾದು ಹೋಗುತ್ತೆ. ಗೋಡೆಗೆ ಹಾಕುವ ಚಪ್ಪಟೆ ಮ್ಯಾಪ್‌ನಲ್ಲಿ ಇದು ಕಾಣೋದೇ ಇಲ್ಲ. ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿಂದಲೇ ಹಾರಿ 2021ರ ಜನವರಿ 11ರಂದು ಬೆಂಗಳೂರಿಗೆ ಬಂದಿಳಿಯಿತು, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಕಾಕ್‌ಪಿಟ್‌ನಲ್ಲಿದ್ದ ಉಳಿದವರೂ ಹೆಂಗಸರೇ. ಸುಮಾರು 17 ಗಂಟೆ. ನಿಮ್ಮದು ಫ್ರಾಂಕ್‌ಫರ್ಟ್‌ವರೆಗೆ ಸುಮಾರು 7,400 ಕಿ.ಮೀ., ಅಲ್ಲಿಂದ ಮುಂದೆ 9,100 ಚಿಲ್ಲರೆ. ಅಂದರೆ ಎರಡೂವರೆ ಸಾವಿರ ಕಿ.ಮೀ. ಸುತ್ತು, ಜೊತೆಗೆ ಕಾಯೋದು ಬೇರೆ.

ಜಯನಗರದ ರಾಯರು:
ಈಗ ಗೊತ್ತಾಯ್ತು. ಆದರೆ ಬರುವಾಗ ಫ್ರಾಂಕ್‌ಫರ್ಟ್‌ವರೆಗೆ ಸುಮಾರು ಒಂದು ಗಂಟೆ ಕಡಿಮೆ ತೋರಿಸುತ್ತಿದೆ. ಭೂಮಿ ತಿರುಗುವುದರಿಂದಲಾ?

ಕಿಟಕಿ ಸೀಟು:
ಅಲ್ಲ ಸರ್, ಭೂಮಿಯ ಜೊತೆ ಗಾಳಿಯೂ ತಿರುಗುತ್ತೆ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಮಾಡೋ ಕೆಲಸ ಅದು. ಸೀಟಿನ ಮುಂದಿನ ಪರದೆಯಲ್ಲಿ ಗ್ರೌಂಡ್ ಸ್ಪೀಡ್ (ನೆಲಕ್ಕೆ ಹೋಲಿಸಿದ ವೇಗ) ನೋಡ್ತಾ ಇರಿ, ಹೋಗುವಾಗ ಎದುರುಗಾಳಿಗೆ 850ರ ಕೆಳಗೂ ಇಳಿಯುತ್ತೆ, ಬರುವಾಗ ಸಾವಿರ ದಾಟಿದರೂ ಆಶ್ಚರ್ಯ ಇಲ್ಲ. 2016ರಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ, ಅಂದರೆ ಪೂರ್ವಕ್ಕೆ ಗಾಳಿಯ ದಿಕ್ಕಿನಲ್ಲೇ ಕಳಿಸಿತು. ದೂರ ಸಾವಿರಕ್ಕೂ ಹೆಚ್ಚು ಕಿ.ಮೀ. ಜಾಸ್ತಿ ಆಗಿ 15,300 ಆಯ್ತು, ಆದರೂ ಸುಮಾರು ಎರಡು ಗಂಟೆ ಉಳಿಯಿತು! ಹಾಗಾಗಿ ಕಿಲೋಮೀಟರನ್ನು 900ರಿಂದ ಭಾಗಿಸೋದು ಬರೀ ಅಂದಾಜಿಗೆ.

ಅಂದ ಹಾಗೆ, ಎರಡನೇ ವಿಮಾನದಲ್ಲಿ ಕಿಟಕಿ ಸೀಟು ಕೇಳಿ. ಸಾಮಾನ್ಯವಾಗಿ ಗ್ರೀನ್‌ಲ್ಯಾಂಡ್ ಮೇಲೆ ಹೋಗುತ್ತೆ, ಮೋಡ ಇಲ್ಲದಿದ್ದರೆ ಮಂಜುಗಡ್ಡೆ ಕಾಣುತ್ತೆ. ದಾರಿಯುದ್ದಕ್ಕೂ ಹಗಲೇ, ಸೂರ್ಯ ಮುಳುಗೋದೇ ಇಲ್ಲ.

ಬೇ ಏರಿಯಾ ಹೈದ:
ಫ್ರಾಂಕ್‌ಫರ್ಟ್‌ನಲ್ಲಿ ನಡೆಯೋದು ಜಾಸ್ತಿ ಸರ್. ಸುಮ್ನೆ ಸಂಕೋಚ ಬೇಡ, ವೀಲ್‌ಚೇರ್ ಬೇಕು ಅಂತ ಈಗಲೇ ಟಿಕೆಟ್‌ಗೆ ಸೇರಿಸಲು ಏಜೆಂಟ್‌ಗೆ ಹೇಳಿ.