ಅಪ್ಪನ ಹಂಟಿಂಗ್ಟನ್ ಕಾಯಿಲೆ ಅಳಿಯಸಂತಾನದ ಮಕ್ಕಳಿಗೆ ತಟ್ಟುವುದಿಲ್ವಾ?

ಕಟಪಾಡಿಯವ:
ಅಪ್ಪನಿಗೆ 51. ಕೂತಲ್ಲೇ ಬೆರಳು ಕುಣಿಯುತ್ತವೆ, ಭುಜ ಹಾರುತ್ತದೆ, ನಡೆಯುವಾಗ ವಾಲುತ್ತಾರೆ. ಊರವರು ಕುಡಿತ ಅಂದರು. ಅಪ್ಪ ಅದನ್ನು ಮುಟ್ಟಿದವರೇ ಅಲ್ಲ. ನಾಗದೋಷ ಅಂತ ಆಶ್ಲೇಷಾ ಬಲಿಯೂ ಆಯಿತು. ಈಗ ರಕ್ತದ ರಿಪೋರ್ಟ್ ಬಂದಿದೆ, ಹಂಟಿಂಗ್ಟನ್ ಅಂತೆ: ಎಚ್‌ಟಿಟಿ ಜೀನ್, ಸಿಎಜಿ 17/44. ಅಪ್ಪನ ಅಪ್ಪನಿಗೂ ಹೀಗೇ ಇತ್ತಂತೆ, ಆದರೆ ಅರವತ್ತು ದಾಟಿದ ಮೇಲೆ.

ನಮ್ಮದು ಅಳಿಯಸಂತಾನ, ಅಂದರೆ ವಂಶದ ಹೆಸರಾದ 'ಬಳಿ' ಅಮ್ಮನಿಂದ ಬರುತ್ತದೆ. ಸೋದರಮಾವ ಹೇಳುವುದು: "ನೀವು ಅಮ್ಮನ ಬಳಿಗೆ ಸೇರಿದವರು. ಅಪ್ಪನ ಕುಟುಂಬದ್ದು ನಿಮಗೆ ಬರುವುದಿಲ್ಲ." ತಂಗಿಗೆ ಸಂಬಂಧ ನೋಡುತ್ತಿದ್ದೇವೆ. ಇಬ್ಬರಿಗೂ ಟೆಸ್ಟ್ ಮಾಡಿಸಿಬಿಡಲಾ?

ಬಿಜೈ ಲ್ಯಾಬ್ ಅಕ್ಕ:
ಮಾವನ ಲೆಕ್ಕ ಬಳಿಗೆ ಸರಿ, ಜೀನ್‌ಗೆ ಅಲ್ಲ. ನಿಮ್ಮ ಅಜ್ಜನ ಬಳಿ ಬೇರೆ, ಅಪ್ಪನ ಬಳಿ ಬೇರೆ, ಅಲ್ವಾ? ಆದರೂ ಕಾಯಿಲೆ ಒಮ್ಮೆ ದಾಟಿ ಬಂದಾಯಿತಲ್ಲ.

ಈ ಜೀನ್ ಇರುವುದು 4ನೇ ಕ್ರೋಮೋಸೋಮಿನಲ್ಲಿ. ಗಂಡು, ಹೆಣ್ಣು ಅಂತ ನೋಡುವುದಿಲ್ಲ. ಅಪ್ಪನ ಹತ್ತಿರ ಎರಡು ಪ್ರತಿ ಇದೆ, ಒಂದರಲ್ಲಿ ಸಿಎಜಿ 17, ಇನ್ನೊಂದರಲ್ಲಿ 44. ನಿಮಗೆ ಬರುವುದು ಅದರಲ್ಲಿ ಒಂದೇ, ಕಾಯಿಲೆಯದ್ದು ಬರುವ ಸಾಧ್ಯತೆ ಶೇ 50. 17ರದ್ದು ನಿಮಗೆ ಬಂದಿದ್ದರೆ ನೀವೂ ಪಾರು, ನಿಮ್ಮ ಮಕ್ಕಳೂ ಪಾರು. ತಂಗಿಗೆ ಬೇರೆಯೇ ಲೆಕ್ಕ, ಅವಳಿಗೂ ಶೇ 50. ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಇಲ್ಲ ಅಂತೇನಿಲ್ಲ.

ಸಿಎಜಿ ಅಂದರೆ ಡಿಎನ್‌ಎಯ ಮೂರಕ್ಷರ, ಸಾಲಾಗಿ ಮತ್ತೆ ಮತ್ತೆ ಬರುತ್ತದೆ. 26ರವರೆಗೆ ಚಿಂತೆ ಇಲ್ಲ. 36ರಿಂದ 39 ಆದರೆ ಕೆಲವರಿಗೆ ಬರುತ್ತದೆ, ಕೆಲವರಿಗಿಲ್ಲ. 40 ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ, ಆಯಸ್ಸು ಗಟ್ಟಿ ಇದ್ದವರಿಗೆ ಬಂದೇ ಬರುತ್ತದೆ. ಯಾವ ವರ್ಷ ಅಂತ ಮಾತ್ರ ಆ ಸಂಖ್ಯೆ ಹೇಳುವುದಿಲ್ಲ. ಒಂದೊಂದು ಸಿಎಜಿಗೂ ಪ್ರೋಟೀನಿನ ಸರದಲ್ಲಿ ಗ್ಲುಟಮಿನ್ ಎಂಬ ಒಂದು ಮಣಿ. ಅದು ಅತಿ ಉದ್ದವಾದರೆ ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಗಂಟು ಕಟ್ಟುತ್ತದೆ. ಮೊದಲು ಸಾಯುವುದು ಮಿದುಳಿನ ಸ್ಟ್ರಯಾಟಮ್‌ನ ಕೋಶಗಳು. ಬೇಡದ ಚಲನೆಗೆ ಲಗಾಮು ಹಾಕುವ ಜಾಗ ಅದು. ಅಪ್ಪನ ಬೆರಳು ಕುಣಿಯುವುದು ಅದಕ್ಕೇ.

ಇನ್ನೊಂದು. ವೀರ್ಯಾಣು ತಯಾರಾಗುವಾಗ ಈ ಸಾಲು ಮತ್ತೂ ಬೆಳೆಯುವ ಸಾಧ್ಯತೆ ಜಾಸ್ತಿ. ಅಜ್ಜನಿಗಿಂತ ಅಪ್ಪನಿಗೆ ಬೇಗ ಶುರುವಾದದ್ದು ಅದರಿಂದಲೇ ಇರಬಹುದು. ಮಾವ ಹೇಳಿದ್ದಕ್ಕೆ ಪೂರ್ತಿ ಉಲ್ಟಾ!

"ಮಾಡಿಸಿಬಿಡುವುದು" ಬೇಡ ಮಾರಾಯ್ರೇ. ತಂಗಿಯದ್ದು ತಂಗಿಯೇ ತೀರ್ಮಾನಿಸಲಿ. ಮೊದಲು ಮಣಿಪಾಲದ ಜೆನೆಟಿಕ್ಸ್ ವಿಭಾಗಕ್ಕೆ ಹೋಗಿ ಕೂತು ಮಾತಾಡಿ. ಸುಮ್ನೆ ರಕ್ತ ಕೊಟ್ಟು ಮೊಬೈಲಿನಲ್ಲಿ ರಿಪೋರ್ಟ್ ತೆರೆದು ನೋಡುವ ವಿಷಯ ಅಲ್ಲ ಇದು.

ಕುಂದಾಪ್ರದವಳು:
ನಮ್ಮಲ್ಲಿ ಅಮ್ಮನಿಗೆ. ತಮ್ಮ ಟೆಸ್ಟ್ ಮಾಡಿಸಿದ, ನಾನು ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ಗುಣಪಡಿಸುವ ಮದ್ದು ಬಂದಿಲ್ಲವಲ್ಲ. ಟೆಟ್ರಾಬೆನಜಿನ್ ಕೊಟ್ಟ ಮೇಲೆ ಅಮ್ಮನ ಕೈ ಕುಣಿತ ಕಡಿಮೆಯಾಯಿತು. ಆದರೆ ಅದರಿಂದ ಮನಸ್ಸು ಮಂಕಾಗಬಹುದು, ನಿಮ್ಮ ಅಪ್ಪ ಮಾತು ಕಡಿಮೆ ಮಾಡಿದರೆ ಡಾಕ್ಟರಿಗೆ ತಕ್ಷಣ ಹೇಳಿ. ತಿಳಿ ಗಂಜಿ ಗಂಟಲಲ್ಲಿ ಸಿಕ್ಕಿ ಕೆಮ್ಮು ಬರುತ್ತಿತ್ತು, ಈಗ ಮಂದವಾಗಿ ಕೊಡುತ್ತೇನೆ. ತುಪ್ಪ ಧಾರಾಳ ಹಾಕಿ, ತೂಕ ತುಂಬ ಇಳಿಯುತ್ತದೆ.

ಕಟಪಾಡಿಯವ:
ತಂಗಿ ಎಲ್ಲ ಓದಿದಳು. ಅವಳ ಪ್ರಶ್ನೆ: ಹುಡುಗನ ಮನೆಯವರಿಗೆ ಹೇಳಬೇಕಾ?

ಬಿಜೈ ಲ್ಯಾಬ್ ಅಕ್ಕ:
ಹುಡುಗನಿಗೆ ಹೇಳಲಿ, ನಿಶ್ಚಿತಾರ್ಥಕ್ಕೆ ಮೊದಲೇ, ಅವಳ ಬಾಯಿಂದಲೇ. ಜಾತಕದ ಜೊತೆ ಅಪ್ಪನ ರಿಪೋರ್ಟೂ ಮನೆಮನೆ ತಿರುಗುವುದು ಬೇಡ.