ಲಾಯರ್ ನೋಟಿಸ್ ಬಂದ ತಕ್ಷಣ ಸೈಟ್ ಇಳಿಸದ ಹೋಸ್ಟಿಂಗ್ ಯಾವುದಿದೆ?

ಒಸಿ_ಯಾವಾಗ:

ನಾವು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಫ್ಲಾಟ್ ಮಾಲೀಕರು. ಬಿಲ್ಡರ್ ಹೆಸರು ಇಲ್ಲಿ ಬೇಡ. ಒಸಿ (ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಇಲ್ಲದೆ ಕೀ ಕೊಟ್ಟರು, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಇವತ್ತಿಗೂ ಸರಿಯಾಗಿ ಓಡುತ್ತಿಲ್ಲ, ಬ್ರೋಷರಿನಲ್ಲಿ ಕ್ಲಬ್‌ಹೌಸ್ ಅಂತ ತೋರಿಸಿದ ಜಾಗದಲ್ಲಿ ಜಲ್ಲಿ ರಾಶಿ ಬಿದ್ದಿದೆ. ವಾಟ್ಸಾಪ್ ಗ್ರೂಪಿನಲ್ಲಿ ಗೊಣಗಿ ಗೊಣಗಿ ಸಾಕಾಗಿ ಒಂದು ವೆಬ್‌ಸೈಟ್ ಮಾಡಿದೆವು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಆದೇಶದ ಪಿಡಿಎಫ್, ಫೋಟೋಗಳು, ಟ್ಯಾಂಕರ್ ನೀರಿನ ಬಿಲ್ಲುಗಳು, ಒಂದಷ್ಟು ಮಾಲೀಕರು ಬರೆದ ಅನುಭವಗಳು, ಇಷ್ಟೇ. ಗೂಗಲ್ಲಿನಲ್ಲಿ ಪ್ರಾಜೆಕ್ಟ್ ಹೆಸರು ಹುಡುಕಿದರೆ ಬಿಲ್ಡರ್ ಸೈಟಿನ ಕೆಳಗೇ ನಮ್ಮದು ಬರಲು ಶುರುವಾಯಿತು. ತೊಂದರೆ ಶುರುವಾಗಿದ್ದೂ ಆಗಲೇ.

ಮೊದಲು ನನ್ನ ಹೆಸರಿಗೆ ಮಾನನಷ್ಟದ ನೋಟಿಸ್ ಬಂತು. ಉತ್ತರ ಕೊಟ್ಟೆವು, ಸುಮ್ಮನಾದರು. ಆಮೇಲೆ ಅದೇ ಲಾಯರ್ ನಮ್ಮ ಹೋಸ್ಟಿಂಗ್ ಕಂಪನಿಗೆ ಬರೆದಿದ್ದಾರೆ. ಶುಕ್ರವಾರ ಸಂಜೆ ಕಂಪನಿಯಿಂದ ಮೇಲ್: "ನಿಮ್ಮ ಸೈಟಿನ ಬಗ್ಗೆ ಕಾನೂನು ದೂರು ಬಂದಿದೆ, 24 ಗಂಟೆಯೊಳಗೆ ತೆಗೆಯಿರಿ." ಶನಿವಾರ ಸಂಜೆ ನೋಡಿದರೆ ಸೈಟ್ ಇಲ್ಲ. ಪ್ಯಾನಲ್‌ಗೆ ಲಾಗಿನ್ ಕೂಡ ಆಗುತ್ತಿಲ್ಲ. ಡೊಮೇನೂ ಅವರ ಹತ್ತಿರವೇ ಇದೆ. ಯಾವ ಕೋರ್ಟ್ ಆದೇಶವೂ ಇಲ್ಲ ಸ್ವಾಮಿ, ಬರೀ ಒಂದು ಪತ್ರ.

ಈಗ ಕೇಳುವುದು ಏನೆಂದರೆ, ಇಂಥ ಪತ್ರಕ್ಕೆಲ್ಲ ಹೆದರದ ಹೋಸ್ಟಿಂಗ್ ಯಾವುದು? ಐಸ್‌ಲ್ಯಾಂಡ್ ಒಳ್ಳೆಯದು ಅಂತ ಒಬ್ಬರು ಹೇಳುತ್ತಾರೆ. ನ್ಯೂಜೆರ್ಸಿಯಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಎಲ್ಲವನ್ನೂ ಅವನ ಹೆಸರಲ್ಲಿ ಮಾಡೋಣ ಅನ್ನುತ್ತಿದ್ದಾನೆ. ನಮ್ಮದು ಮಹಾ ದೊಡ್ಡ ಸೈಟೇನಲ್ಲ, ವರ್ಡ್‌ಪ್ರೆಸ್, ಜನ ಬರುವುದೂ ಕಡಿಮೆ.

ಸರ್ವರ್_ಸಿದ್ದ:

ಕಡಿಮೆ ದುಡ್ಡಿನ ಶೇರ್ಡ್ ಹೋಸ್ಟಿಂಗ್ ಕಂಪನಿಗೆ ನೀವು ವರ್ಷಕ್ಕೆ ಎರಡು ಮೂರು ಸಾವಿರ ಕೊಡುತ್ತೀರಿ. ಒಂದು ನೋಟಿಸನ್ನು ಅವರ ಲಾಯರ್ ಓದುವುದಕ್ಕೇ ಅದಕ್ಕಿಂತ ಜಾಸ್ತಿ ಖರ್ಚು. ಹಾಗಾಗಿ ಓದುವುದೇ ಇಲ್ಲ, ಸ್ವಿಚ್ ಆಫ್ ಮಾಡುತ್ತಾರೆ. ಅದರಲ್ಲಿ ದ್ವೇಷ ಏನಿಲ್ಲ, ಬರೀ ಲೆಕ್ಕ.

ಹೆಸರು ಕೇಳಿದ್ದೀರಿ, ಹೇಳುತ್ತೇನೆ. ಅಮೆರಿಕದಲ್ಲಿ ನಿಯರ್ಲಿ ಫ್ರೀ ಸ್ಪೀಚ್ ಅಂತ ಇದೆ, 2002ರಿಂದ ನಡೆಯುತ್ತಿದೆ, ಮೊದಲೇ ದುಡ್ಡು ಹಾಕಿ ಬಳಸಿದಷ್ಟು ಅದರಿಂದ ಕಡಿತವಾಗುವ ಪದ್ಧತಿ. ಸುಮ್ನೆ ಬೆದರಿಕೆ ಪತ್ರಕ್ಕೆ ಬಗ್ಗುವುದಿಲ್ಲ ಅನ್ನುವ ಹೆಸರಿದೆ. ಐಸ್‌ಲ್ಯಾಂಡಿನಲ್ಲಿ 1984 ಅನ್ನುವ ಕಂಪನಿ ಇದೆ, 2006ರದ್ದು. ಫ್ಲೋಕಿನೆಟ್ ಅಂತ ಇನ್ನೊಂದು, ಐಸ್‌ಲ್ಯಾಂಡ್, ರೊಮೇನಿಯಾ, ಫಿನ್‌ಲೆಂಡ್ ಕಡೆ ಸರ್ವರ್ ಇಟ್ಟಿದ್ದಾರೆ, ಪತ್ರಕರ್ತರು ಜಾಸ್ತಿ ಬಳಸುತ್ತಾರೆ. ಅಮೆರಿಕದ ಕಂಪನಿಗಳಿಗೆ ಧೈರ್ಯ ಬರುವುದು ಅಲ್ಲಿನ ಸೆಕ್ಷನ್ 230ರಿಂದ. ಬಳಕೆದಾರ ಬರೆದ ಮಾನಹಾನಿಗೆ ಹೋಸ್ಟ್ ಹೊಣೆಯಲ್ಲ ಅಂತ 1996ರಲ್ಲೇ ಕಾನೂನಾಗಿದೆ. ಅದರ ಮೇಲೆ 2010ರ ಸ್ಪೀಚ್ ಆಕ್ಟ್ ಇದೆ, ಅಲ್ಲಿನ ವಾಕ್ ಸ್ವಾತಂತ್ರ್ಯದ ಮಟ್ಟಕ್ಕೆ ನಿಲ್ಲದ ಹೊರದೇಶದ ಮಾನನಷ್ಟ ತೀರ್ಪನ್ನು ಅಮೆರಿಕದ ಕೋರ್ಟುಗಳು ಜಾರಿ ಮಾಡುವುದಿಲ್ಲ.

ಆದರೆ ಕಾಪಿರೈಟ್ ವಿಷಯಕ್ಕೆ 230 ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಡಿಎಂಸಿಎ ಇದೆ, ಅಮೆರಿಕದ ಡಿಜಿಟಲ್ ಕಾಪಿರೈಟ್ ಕಾನೂನು. ನಿಮ್ಮ ಸೈಟಿನಲ್ಲಿ ಬಿಲ್ಡರ್ ಲೋಗೋ, ಬ್ರೋಷರ್ ಚಿತ್ರ, ಫ್ಲೋರ್ ಪ್ಲಾನ್ ಹಾಕಿದ್ದೀರಾ? ಹಾಕಿದ್ದರೆ ಅವರ ಮುಂದಿನ ಬಾಣ ಅಲ್ಲಿಂದಲೇ. ಮಾನನಷ್ಟ ಅಂದರೆ ಕೇಳದ ಹೋಸ್ಟ್ ಕೂಡ ಡಿಎಂಸಿಎ ಅಂದರೆ ಪುಟ ಇಳಿಸುತ್ತದೆ. ನೀವು ಕೌಂಟರ್ ನೋಟಿಸ್ ಕೊಡಬಹುದು, ಅವರು ಕೇಸ್ ಹಾಕದಿದ್ದರೆ 10ರಿಂದ 14 ಕೆಲಸದ ದಿನದಲ್ಲಿ ಪುಟ ವಾಪಸ್ ಬರುತ್ತದೆ. ಅಷ್ಟರಲ್ಲಿ ಮುಂದಿನ ಟವರ್ ಬುಕಿಂಗ್ ಮುಗಿದಿರುತ್ತದೆ ಅನ್ನಿ.

ಇನ್ನೊಂದು, "ಯಾವ ದೂರಿಗೂ ಉತ್ತರ ಕೊಡಲ್ಲ" ಅಂತ ಜಾಹೀರಾತು ಕೊಡುವ ಬುಲೆಟ್‌ಪ್ರೂಫ್ ಹೋಸ್ಟ್‌ಗಳ ಕಡೆ ತಲೆ ಹಾಕಿಯೂ ಮಲಗಬೇಡಿ. ಅಲ್ಲಿ ನಿಮ್ಮ ಪಕ್ಕದಲ್ಲಿ ಇರುವವರು ಫಿಶಿಂಗ್ ಮಾಡುವವರು. ಐಪಿ ವಿಳಾಸ ಬ್ಲಾಕ್‌ಲಿಸ್ಟ್ ಆಗಿರುತ್ತದೆ, ನಿಮ್ಮ ಮೇಲ್ ಎಲ್ಲ ಸ್ಪ್ಯಾಮಿಗೆ ಹೋಗುತ್ತದೆ, ಕೋರ್ಟಿನಲ್ಲಿ ಎದುರಿನ ಲಾಯರಿಗೆ ನೀವೇ ಒಂದು ಮಾತು ಎತ್ತಿಕೊಟ್ಟ ಹಾಗೆ.

ಫಿಲ್ಟರ್_ಕಾಫಿ:

ಐಸ್‌ಲ್ಯಾಂಡ್‌ನಲ್ಲಿ ಇಟ್ಟರೆ ಮುಗಿಯಿತು ಅನ್ನುವವರಿಗೆ ಐಐಪಿಎಂ ಅನ್ನುವ ಖಾಸಗಿ ಮ್ಯಾನೇಜ್‌ಮೆಂಟ್ ಶಿಕ್ಷಣ ಸಂಸ್ಥೆಯ ಕಥೆ ನೆನಪಿಲ್ಲ ಅನಿಸುತ್ತೆ. 2013ರ ಫೆಬ್ರವರಿಯಲ್ಲಿ ಗ್ವಾಲಿಯರ್ ಕೋರ್ಟಿನ ಆದೇಶ ಇಟ್ಟುಕೊಂಡು ಟೆಲಿಕಾಂ ಇಲಾಖೆ ಆ ಸಂಸ್ಥೆಯನ್ನು ಟೀಕಿಸಿದ 73 ಲಿಂಕ್ ಬ್ಲಾಕ್ ಮಾಡಿಸಿತ್ತು. ಅದರಲ್ಲಿ ಯುಜಿಸಿಯ ಸ್ವಂತ ಪ್ರಕಟಣೆಯೂ ಇತ್ತು! ಸರ್ಕಾರದ ಸಂಸ್ಥೆ ಕೊಟ್ಟ ಎಚ್ಚರಿಕೆಯನ್ನು ಸರ್ಕಾರವೇ ಮುಚ್ಚಿದ್ದು. ಅಲ್ಲಿ ಸರ್ವರ್ ಎಲ್ಲಿತ್ತು ಅಂತ ಯಾರು ಕೇಳಿದರು? ಏರ್‌ಟೆಲ್, ಬಿಎಸ್‌ಎನ್‌ಎಲ್ ಹಂತದಲ್ಲೇ ತಡೆದರೆ ನಿಮ್ಮ ಓದುಗರಿಗೆ ಸೈಟ್ ಸಿಗುವುದಿಲ್ಲ. ಫ್ಲಾಟ್ ಕೊಳ್ಳುವವರು ವಿಪಿಎನ್ ಹಾಕಿಕೊಂಡು ಬರುತ್ತಾರಾ?

ಅದೇ ಸಂಸ್ಥೆ ದೆಹಲಿಯ ಒಂದು ಪತ್ರಿಕೆ ಮೇಲೆ 50 ಕೋಟಿ ಕೇಸ್ ಹಾಕಿದ್ದು ಎಲ್ಲಿ ಗೊತ್ತಾ, ಅಸ್ಸಾಮಿನ ಸಿಲ್ಚಾರ್‌ನಲ್ಲಿ. 2011ರಲ್ಲಿ ತಂದ ತಡೆಯಾಜ್ಞೆ ತೆರವಾಗಿದ್ದು 2018ರಲ್ಲಿ. ಗೆದ್ದರು, ಸರಿ. ಏಳು ವರ್ಷ ಆ ಲೇಖನ ಯಾರಿಗೂ ಸಿಗಲಿಲ್ಲ.

ಇನ್ನೂ ಹತ್ತಿರದ್ದು ಬೇಕಾ? ವಿಕಿಪೀಡಿಯ ನಡೆಸುವ ಸಂಸ್ಥೆ ಅಮೆರಿಕದ್ದು, ದುಡ್ಡೂ ಇದೆ ಲಾಯರೂ ಇದ್ದಾರೆ. ಎಎನ್‌ಐ ಸುದ್ದಿಸಂಸ್ಥೆ ಹಾಕಿದ ಕೇಸಿನಲ್ಲಿ 2024ರ ಅಕ್ಟೋಬರಿನಲ್ಲಿ ದೆಹಲಿ ಹೈಕೋರ್ಟ್ ಒಂದು ಪುಟ ತೆಗೆಯಿರಿ ಅಂದಾಗ ತೆಗೆದರು. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಅವರೇ ತೆಗೆದ ಮೇಲೆ ನಿಮ್ಮ ಹೋಸ್ಟ್ ಯಾವ ಲೆಕ್ಕ.

ಕರಿಕೋಟು:

ವಕೀಲಿ ಮಾಡುವವನು ನಾನು. ಇದು ಕಾನೂನು ಸಲಹೆ ಅಲ್ಲ, ಕಾಗದ ನೋಡದೆ ಸಲಹೆ ಕೊಡಲಾಗದು. ಆದರೂ ಕೆಲವು ಮಾತು.

ಲಾಯರ್ ನೋಟಿಸ್ ಅಂದರೆ ಲೆಟರ್‌ಹೆಡ್ ಇರುವ ಪತ್ರ, ಅಷ್ಟೇ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟಿನ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಐಟಿ ಕಾಯ್ದೆಯ 66ಎ ಹೋಯಿತು ಅಂತ ಎಲ್ಲರಿಗೂ ಗೊತ್ತು. ಅದೇ ತೀರ್ಪಿನಲ್ಲಿ ಆ ಕಾಯ್ದೆಯ ಸೆಕ್ಷನ್ 79ರ ಬಗ್ಗೆಯೂ ಹೇಳಿದೆ: ಖಾಸಗಿ ವ್ಯಕ್ತಿ ದೂರು ಕೊಟ್ಟ ಮಾತ್ರಕ್ಕೆ ಹೋಸ್ಟ್‌ಗೆ "ಗೊತ್ತಾಯಿತು" ಅಂತ ಆಗುವುದಿಲ್ಲ, ಕೋರ್ಟ್ ಆದೇಶ ಅಥವಾ ಸರ್ಕಾರದ ಸೂಚನೆ ಬೇಕು. ಆದರೆ ಅದು ಹೋಸ್ಟ್‌ಗೆ ಇರುವ ರಕ್ಷಣೆ. ನಿಮ್ಮನ್ನು ಇಟ್ಟುಕೊಳ್ಳಲೇಬೇಕು ಅನ್ನುವ ಕಡ್ಡಾಯ ಅಲ್ಲ. ಅವರ ಷರತ್ತು ಓದಿ, "ಯಾವ ಕಾರಣಕ್ಕಾದರೂ ನಿಲ್ಲಿಸಬಹುದು" ಅಂತ ಎಲ್ಲೋ ಬರೆದಿರುತ್ತದೆ. ಸರ್ಕಾರದ ಸೂಚನೆಯ ವಿಷಯ ಈಗ ಇನ್ನೂ ಬಿಗಿಯಾಗಿದೆ. ಸರ್ಕಾರ ಇಂಥ ಸೂಚನೆ ಕಳಿಸಲು ಬಳಸುವ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ ಕಂಪನಿ ಹಾಕಿದ ಅರ್ಜಿಯನ್ನು ನಮ್ಮ ಹೈಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ವಜಾ ಮಾಡಿದೆ. ನಿಮ್ಮದು ಖಾಸಗಿ ಜಗಳ, ಅಲ್ಲಿಗೆ ಹೋಗಲಾರದು.

ನೀವು ನಿಜವಾಗಿ ಹೆದರಬೇಕಾದ್ದು ಏಕಪಕ್ಷೀಯ ತಡೆಯಾಜ್ಞೆಗೆ. ಧರ್ಮಸ್ಥಳದ ವಿಚಾರದಲ್ಲಿ 2025ರ ಜುಲೈನಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟಿನಿಂದ ಎಂಟು ಸಾವಿರಕ್ಕೂ ಜಾಸ್ತಿ ಲಿಂಕ್ ತೆಗೆಯಬೇಕು ಅಂತ ಆದೇಶ ಬಂದಿದ್ದು ನೆನಪಿದೆಯಲ್ಲ. ಎದುರಿನವರ ಮಾತು ಕೇಳುವ ಮೊದಲೇ ಬಂದ ಆದೇಶ ಅದು. ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟಿಗೆ ಹೋದ ಮೇಲೆ ಆಗಸ್ಟಿನಲ್ಲಿ ಅವರ ಮಟ್ಟಿಗೆ ರದ್ದಾಯಿತು. ಬ್ಲೂಮ್‌ಬರ್ಗ್ ಮತ್ತು ಝೀ ಕೇಸಿನಲ್ಲಿ 2024ರ ಮಾರ್ಚಿನಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು, ವಿಚಾರಣೆಗೆ ಮೊದಲೇ ಲೇಖನ ತಡೆಯುವುದು ಅಪರೂಪಕ್ಕೆ ಮಾತ್ರ ಅಂತ. ಆ ತೀರ್ಪು ಕೆಲಸಕ್ಕೆ ಬರಬೇಕಾದರೆ ಅದನ್ನು ಜಡ್ಜ್ ಮುಂದೆ ಇಡಲು ನೀವು ಅಲ್ಲಿ ಇರಬೇಕು, ಅಲ್ವಾ?

ಅದಕ್ಕೆ ಕೇವಿಯಟ್ ಹಾಕಿ. ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ. ಇಂಥವರು ನಮ್ಮ ಮೇಲೆ ಕೇಸ್ ಹಾಕಬಹುದು, ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಅಂತ. ಬಿಲ್ಡರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪ್ರತಿ ಕಳಿಸಬೇಕು, 90 ದಿನ ಬಾಳುತ್ತದೆ, ಮುಗಿದ ಮೇಲೆ ಮತ್ತೆ ಹಾಕಬೇಕು. ಖರ್ಚು ಜಾಸ್ತಿ ಇಲ್ಲ.

ಸೈಟಿನಲ್ಲಿ ಹೆಸರು ವಿಳಾಸ ಏನೂ ಇಲ್ಲದೆ ಇಟ್ಟರೆ ಇನ್ನೂ ಸೇಫ್ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಉಲ್ಟಾ. ಅನಾಮಧೇಯ ಸೈಟಾದರೆ ಅವರು "ಅಶೋಕ್ ಕುಮಾರ್" ಅನ್ನುವ ಗುರುತಿಲ್ಲದ ವ್ಯಕ್ತಿ ಮೇಲೆ ಕೇಸ್ ಹಾಕಿ ಆದೇಶ ತಂದುಬಿಡುತ್ತಾರೆ. ನಿಮಗೆ ಗೊತ್ತಾಗುವುದು ಸೈಟ್ ಹೋದ ಮೇಲೆ. ಅಸೋಸಿಯೇಷನ್ ಹೆಸರು, ಒಂದು ಮೇಲ್ ಐಡಿ ಪ್ರತಿ ಪುಟದ ಕೆಳಗೂ ಇರಲಿ. "ಇಷ್ಟು ಸುಲಭವಾಗಿ ಸಿಗುವವರಿಗೆ ಯಾಕೆ ತಿಳಿಸಲಿಲ್ಲ" ಅಂತ ಆಮೇಲೆ ನಾವು ಕೇಳಬಹುದು.

ಒಸಿ_ಯಾವಾಗ:

ಕೇವಿಯಟ್ ವಿಷಯ ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್. ಬ್ರೋಷರ್ ಚಿತ್ರ ಹಾಕಿದ್ದೇವೆ, ಹೌದು, "ತೋರಿಸಿದ್ದು ಇದು, ಕೊಟ್ಟಿದ್ದು ಇದು" ಅಂತ ಪಕ್ಕಪಕ್ಕದಲ್ಲಿ. ರೇರಾ ಆದೇಶ ಹಾಕಿದ್ದಕ್ಕೂ ಕಾಪಿರೈಟ್ ಅನ್ನುತ್ತಾರಾ? ಮತ್ತೆ ನ್ಯೂಜೆರ್ಸಿ ತಮ್ಮನ ವಿಷಯ?

ಕರಿಕೋಟು:

ಆದೇಶದ ಪ್ರತಿಗೆ ಭಯ ಬೇಡ. ಕೋರ್ಟು, ಟ್ರಿಬ್ಯೂನಲ್ ಆದೇಶ ಪ್ರಕಟಿಸುವುದು ಕಾಪಿರೈಟ್ ಉಲ್ಲಂಘನೆ ಅಲ್ಲ, ಕಾಯ್ದೆಯ ಸೆಕ್ಷನ್ 52ರಲ್ಲೇ ಇದೆ. ಬ್ರೋಷರ್ ಚಿತ್ರವನ್ನು ಟೀಕೆಗೆ ಬಳಸಿದ್ದೀರಿ, ವಾದ ಮಾಡಬಹುದು. ಆದರೆ ಅದನ್ನೇ ಹಿಡಿದು ಎಳೆಯುತ್ತಾರೆ ಅಂತ ಗೊತ್ತಿದ್ದ ಮೇಲೆ ಯಾಕೆ ಬೇಕು? ಜಲ್ಲಿ ರಾಶಿಯ ನಿಮ್ಮದೇ ಫೋಟೋ ಹಾಕಿ, ಬ್ರೋಷರಿನ ಮಾತನ್ನು ಒಂದು ಸಾಲಿನಲ್ಲಿ ಬರೆಯಿರಿ.

ತಮ್ಮನನ್ನು ಎಳೆಯಬೇಡಿ. ಸೈಟ್ ಅವನ ಹೆಸರಲ್ಲಿದ್ದರೂ ಬರೆದವರು ನೀವು ಇಲ್ಲೇ ಇದ್ದೀರಿ. ಮಾನನಷ್ಟ ಇಲ್ಲಿ ಕ್ರಿಮಿನಲ್ ಕೂಡ ಹೌದು, ಈಗ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 356, ಎರಡು ವರ್ಷದ ತನಕ ಸಜೆ ಆಗಬಹುದು. ಅವನು ಮದುವೆ ಮುಂಜಿಗೆ ಅಂತ ಬಂದಾಗ ಸಮನ್ಸ್ ಕೊಟ್ಟರೆ ಏನು ಮಾಡುತ್ತೀರಿ. ಅದೇ 356ರಲ್ಲಿ ನಿಮಗೆ ಬೇಕಾದ ವಿನಾಯಿತಿಗಳೂ ಇವೆ. ಸಾರ್ವಜನಿಕರ ಒಳಿತಿಗಾಗಿ ಹೇಳಿದ ಸತ್ಯ ಅಪರಾಧ ಅಲ್ಲ, ಕೋರ್ಟ್ ನಡಾವಳಿಯನ್ನು ಇದ್ದಂತೆ ವರದಿ ಮಾಡುವುದೂ ಅಲ್ಲ.

ಬರಹ_ಬಡಿಗ:

ಹೋಸ್ಟಿಂಗ್ ಬಗ್ಗೆ ನನಗೆ ಗೊತ್ತಿಲ್ಲ, ಪತ್ರಿಕೆಯಲ್ಲಿ ಡೆಸ್ಕ್ ಕೆಲಸ ಮಾಡಿದವನು. ನಿಮ್ಮ ಸೈಟಿನಲ್ಲಿ ಎಲ್ಲೋ ಒಂದು ಕಡೆ "ಈ ಕಳ್ಳ ಬಿಲ್ಡರ್ ನಮಗೆ ಟೋಪಿ ಹಾಕಿದ" ಅಂತ ಇರಬೇಕು, ಮಾಲೀಕರ ಅನುಭವ ಅಂದ ಮೇಲೆ ಇದ್ದೇ ಇರುತ್ತದೆ. ನೂರು ಸಾಲು ಸರಿಯಿದ್ದರೂ ಅವರ ಲಾಯರ್ ಆ ಒಂದು ಸಾಲನ್ನೇ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಅದರ ಬದಲು ಹೀಗೆ ಬರೆಯಿರಿ: "2022ರಲ್ಲಿ ಕೀ ಕೊಟ್ಟರು. ಆಗ ಒಸಿ ಇರಲಿಲ್ಲ. ಬಿಬಿಎಂಪಿ ಕೊಟ್ಟ ಆರ್‌ಟಿಐ ಉತ್ತರ ಇಲ್ಲಿದೆ." ವರ್ಷ, ಕಾಗದ ನಿಮ್ಮದು ಹಾಕಿಕೊಳ್ಳಿ. ಬೈಗುಳಕ್ಕಿಂತ ಇದು ಜಾಸ್ತಿ ನಾಟುತ್ತದೆ, ಕೊಳ್ಳಲು ಬಂದವನು ಓದಿ ಅಡ್ವಾನ್ಸ್ ಕೊಡದೆ ಎದ್ದು ಹೋಗುತ್ತಾನೆ. "ಮೋಸ", "ವಂಚನೆ" ಅನ್ನುವ ಶಬ್ದ ರೇರಾ ಆದೇಶದಲ್ಲಿ ಇಲ್ಲದಿದ್ದರೆ ನಿಮ್ಮ ಪುಟದಲ್ಲೂ ಬೇಡ.

ಬಿಲ್ಡರಿಗೆ ಪ್ರಕಟಿಸುವ ಮೊದಲೇ ಒಂದು ಮೇಲ್ ಹಾಕಿ, ಉತ್ತರ ಕೊಟ್ಟರೆ ಅದನ್ನೂ ಹಾಕಿ. ಕೊಡದಿದ್ದರೆ "ಕೇಳಿದ್ದೆವು, ಉತ್ತರ ಬಂದಿಲ್ಲ" ಅಂತ ತಾರೀಕಿನ ಸಮೇತ. 2015ರಲ್ಲಿ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇ 100 ಕೋಟಿ ಮಾನನಷ್ಟ ಕೇಳಿ ಮನಿಲೈಫ್ ಪತ್ರಿಕೆ ಮೇಲೆ ಹೋದಾಗ ಬಾಂಬೆ ಹೈಕೋರ್ಟ್ ಎನ್‌ಎಸ್‌ಇಗೇ 50 ಲಕ್ಷ ದಂಡ ಹಾಕಿತು. ಪ್ರಕಟಿಸುವ ಮೊದಲು ಅವರಿಂದ ಉತ್ತರ ಕೇಳಿದ್ದರು ಅನ್ನುವುದು ಅಲ್ಲಿ ತುಂಬಾ ಕೆಲಸಕ್ಕೆ ಬಂತು.

ಫಿಲ್ಟರ್_ಕಾಫಿ:

ಎಲ್ಲ ಸರಿ, ಆದರೆ ಮೃದುವಾಗಿ ಬರೆದರೂ ನೋಟಿಸ್ ಬರುತ್ತದೆ. ನೋಟಿಸ್ ಕಳಿಸುವವನಿಗೆ ನೀವು ಬರೆದದ್ದು ನಿಜ ಅಂತ ಗೊತ್ತಿರುವುದರಿಂದಲೇ ಕಳಿಸುವುದು.

ಸರ್ವರ್_ಸಿದ್ದ:

ಫಿಲ್ಟರ್_ಕಾಫಿ ಹೇಳಿದ್ದು ಒಪ್ಪುತ್ತೇನೆ. ಅದಕ್ಕೇ ಹೋಸ್ಟ್ ಗಟ್ಟಿ ಇರಲಿ ಅನ್ನುವುದಕ್ಕಿಂತ ಎರಡು ಗಂಟೆಯಲ್ಲಿ ಬೇರೆ ಕಡೆ ಎದ್ದು ನಿಲ್ಲುವ ಹಾಗಿರಲಿ ಅನ್ನುವುದು ನನ್ನ ಲೆಕ್ಕ. ವರ್ಡ್‌ಪ್ರೆಸ್ ಬಿಡಿ. ನಿಮ್ಮದು ನಲವತ್ತು ಐವತ್ತು ಪುಟ ಇರಬಹುದು, ಹ್ಯೂಗೋ ಅನ್ನುವ ಸಾಫ್ಟ್‌ವೇರಿನಲ್ಲಿ ಸ್ಟ್ಯಾಟಿಕ್ (ಡೇಟಾಬೇಸ್ ಬೇಡದ ಸಿದ್ಧ ಪುಟಗಳು) ಮಾಡಿ. ಆಗ ಇಡೀ ಸೈಟ್ ಒಂದು ಫೋಲ್ಡರ್. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು, ಕಾರ್ಯದರ್ಶಿ ಹತ್ತಿರ ಪೆನ್‌ಡ್ರೈವಿನಲ್ಲಿ ಒಂದು.

ಡೊಮೇನ್ ಮತ್ತು ಹೋಸ್ಟಿಂಗ್ ಒಂದೇ ಕಂಪನಿಯಲ್ಲಿ ಇಡಲೇಬೇಡಿ. ಈಗ ನಿಮಗೆ ಆಗಿರುವ ತೊಂದರೆಯಲ್ಲಿ ಅರ್ಧ ಅದೇ. ಹೆಸರು ನಿಮ್ಮ ಕೈಯಲ್ಲಿದ್ದರೆ ಸೋಮವಾರ ಬೆಳಗ್ಗೆಯೇ ಬೇರೆ ಸರ್ವರ್‌ಗೆ ತಿರುಗಿಸಬಹುದಿತ್ತು. ಡಿಎನ್‌ಎಸ್ ಟಿಟಿಎಲ್ (ಡೊಮೇನಿನ ಹಳೆಯ ಸರ್ವರ್ ವಿಳಾಸ ಎಷ್ಟು ಹೊತ್ತು ನೆನಪಿರುತ್ತದೆ ಅನ್ನುವ ಅವಧಿ) 300 ಸೆಕೆಂಡಿಗೆ ಇಳಿಸಿಡಿ. ಬಿಲ್ಡರ್ ಬ್ರ್ಯಾಂಡ್ ಹೆಸರನ್ನು ಡೊಮೇನಿನಲ್ಲಿ ಸೇರಿಸಬೇಡಿ, ಟ್ರೇಡ್‌ಮಾರ್ಕ್ ಅಂತ ಡೊಮೇನ್ ವ್ಯಾಜ್ಯ ತೀರಿಸುವ ಯುಡಿಆರ್‌ಪಿಗೆ ಹೋಗುತ್ತಾರೆ, ಡಾಟ್ ಇನ್ ಆದರೆ ಐಎನ್‌ಡಿಆರ್‌ಪಿ. ಸೈಟಿನ ಮುಂದೆ ಕ್ಲೌಡ್‌ಫ್ಲೇರ್ ಅನ್ನುವ ಮಧ್ಯವರ್ತಿ ಸೇವೆ ಹಾಕಿದರೆ ಹೋಸ್ಟ್ ಯಾರು ಅಂತ ಗೊತ್ತಾಗಲ್ಲ ಅನ್ನುವುದೂ ಪೂರ್ತಿ ನಿಜವಲ್ಲ, ಬಂದ ದೂರನ್ನು ಅವರು ನಿಮ್ಮ ಹೋಸ್ಟಿಗೆ ದಾಟಿಸುತ್ತಾರೆ.

ಹೊಸ ಹೋಸ್ಟ್‌ಗೆ ದುಡ್ಡು ಕಟ್ಟುವ ಮೊದಲು ಒಂದು ಮೇಲ್ ಬರೆದು ನೋಡಿ: "ನಮ್ಮದು ಬಿಲ್ಡರ್ ವಿರುದ್ಧ ಮಾಲೀಕರ ಸೈಟ್, ಲಾಯರ್ ನೋಟಿಸ್ ಬರುತ್ತದೆ, ಕೋರ್ಟ್ ಆದೇಶ ಇಲ್ಲದಿದ್ದರೆ ಏನು ಮಾಡುತ್ತೀರಿ?" ನೇರ ಉತ್ತರ ಬಂದರೆ ಹೋಗಿ. ಷರತ್ತಿನ ಲಿಂಕ್ ಕಳಿಸಿ ಕೈತೊಳೆದುಕೊಂಡರೆ ಬೇರೆ ನೋಡಿ.

ಒಸಿ_ಯಾವಾಗ:

ಸರಿ. ಡೊಮೇನ್ ಟ್ರಾನ್ಸ್‌ಫರ್ ಕೋಡ್ ಕೇಳಿ ಇವತ್ತೇ ಟಿಕೆಟ್ ಹಾಕಿದ್ದೇನೆ, ಬ್ಯಾಕಪ್ ಕೊಡಿ ಅಂತಲೂ. ಕೊಡದಿದ್ದರೆ ಹಳೆಯ ವೆಬ್ ಪುಟಗಳ ಪ್ರತಿ ಇಡುವ ವೇಬ್ಯಾಕ್ ಮಷೀನಿನಲ್ಲಿ ಮುಕ್ಕಾಲು ಭಾಗ ಸಿಗುತ್ತದೆ, ನೋಡಿದೆ. ಅನುಭವದ ಪುಟಗಳನ್ನು ಬರಹ_ಬಡಿಗ ಹೇಳಿದ ಹಾಗೆ ಮತ್ತೆ ಬರೆಸಬೇಕು, ಅದಕ್ಕೆ ಎರಡನೇ ಬ್ಲಾಕಿನ ಅಂಕಲ್ ಒಪ್ಪುವುದು ಕಷ್ಟ, "ಕಳ್ಳನನ್ನ ಕಳ್ಳ ಅನ್ನದೆ ಏನನ್ನಲಿ" ಅಂತ ಈಗಾಗಲೇ ಶುರು ಮಾಡಿದ್ದಾರೆ. ಭಾನುವಾರ ಮೀಟಿಂಗಿನಲ್ಲಿ ಕೇವಿಯಟ್ ಖರ್ಚಿಗೆ ಪ್ರತಿ ಫ್ಲಾಟಿನಿಂದ ಎಷ್ಟು ಅಂತ ತೀರ್ಮಾನ ಮಾಡುತ್ತೇವೆ. ಕರಿಕೋಟು ಅವರೇ, ನೀವು ಸಿಟಿ ಸಿವಿಲ್ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತೀರಾ? ಖಾಸಗಿ ಮೆಸೇಜ್ ಹಾಕಿದ್ದೇನೆ.