ಸಹಾಯ ಬೇಕು: ಸ್ಕೌಟ್ ದಳಕ್ಕೆ ಹೊಸ ಮಕ್ಕಳು ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬನಶಂಕರಿ ಕಡೆ ಒಂದು ಸ್ಕೌಟ್ ದಳ ನೋಡಿಕೊಳ್ಳುತ್ತಿದ್ದೇನೆ. ಮೂರು ವರ್ಷದ ಹಿಂದೆ 30ರ ಹತ್ತಿರ ಮಕ್ಕಳಿದ್ದರು, ಈಗ ಒಂಬತ್ತೇ ಜನ, ಅದರಲ್ಲೂ ಮೂವರು ಎಸ್ಸೆಸ್ಸೆಲ್ಸಿ ಅಂತ ಜೂನ್‌ನಲ್ಲಿ ಬಿಡುತ್ತಾರೆ. ಹತ್ತು ವರ್ಷ ತುಂಬಿದವರು ಸೇರಬಹುದು, ಆದರೆ ಅಷ್ಟರಲ್ಲಿ ಅಬಾಕಸ್, ಟ್ಯೂಷನ್, ಕ್ರಿಕೆಟ್ ಕೋಚಿಂಗ್ ಅಂತ ಅವರ ಭಾನುವಾರವೂ ಮುಗಿದುಹೋಗಿರುತ್ತದೆ. ಅಪ್ಪ ಅಮ್ಮಂದಿರು ಕೇಳುವುದು ಒಂದೇ, "ಇದರಿಂದ ಮಾರ್ಕ್ಸ್ ಬರುತ್ತಾ ಸಾರ್?"

ಪೇಪರ್ ಜೊತೆ ಪಾಂಪ್ಲೆಟ್ ಹಾಕಿಸಿದೆ. ದುಡ್ಡು ದಂಡ, ಒಂದು ಫೋನೂ ಬರಲಿಲ್ಲ. ಆದರೆ ಒಂದು ದಿನ ಸುಮ್ನೆ ಪಾರ್ಕ್ ಪಕ್ಕ ನಮ್ಮ ಹುಡುಗರು ಕೋಲು, ಹಗ್ಗ ಹಿಡಿದು ಕ್ಲೋವ್ ಹಿಚ್ ಅನ್ನೋ ಗಂಟು ಹಾಕಿ ಮೂರು ಕಾಲಿನ ಟ್ರೈಪಾಡ್ ಕಟ್ಟುತ್ತಿದ್ದಾಗ ಐದಾರು ಮಕ್ಕಳು ಸುತ್ತ ನಿಂತುಬಿಟ್ಟರು, ಒಬ್ಬನಂತೂ ಅಜ್ಜಿ ಕರೆದರೂ ಮನೆಗೆ ಹೋಗಲ್ಲ ಅಂತ ಹಠ ಹಿಡಿದ. ನೋಡಿದರೆ ಬರುತ್ತಾರೆ, ಅಲ್ವಾ? 1907ರಲ್ಲಿ ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಕ್ಯಾಂಪ್ ಮಾಡಿದ್ದೂ ಇಪ್ಪತ್ತು ಚಿಲ್ಲರೆ ಹುಡುಗರನ್ನು ಇಟ್ಟುಕೊಂಡೇ.

ನಿಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನಲ್ಲಿ ಒಂದು ಗಂಟೆ ಡೆಮೊಗೆ ಜಾಗ ಕೊಡಿಸಬಹುದಾ? ಹುಡುಗಿಯರಿಗೂ ಗೈಡ್ ಕಂಪನಿ (ಸ್ಕೌಟ್ ದಳದಂಥದ್ದೇ ಹುಡುಗಿಯರ ದಳ) ಶುರು ಮಾಡುವ ಆಸೆ ಇದೆ, ಅದನ್ನು ನಡೆಸಲು ಯಾರಾದರೂ ಮೇಡಂ ಮುಂದೆ ಬಂದರೆ ತುಂಬಾ ಉಪಕಾರ. ಮತ್ತೆ ಆ ಮಾರ್ಕ್ಸ್ ಪ್ರಶ್ನೆಗೆ ನೀವೆಲ್ಲ ಏನು ಉತ್ತರ ಕೊಡುತ್ತೀರಿ?